ಬೆದ್‌ಗೆಲೆರ್ಟ್: ಯಾರ ಸಮಾಧಿ?

ಕೇಳುಗರಿಗೆ ನಮಸ್ಕಾರ.

ಬ್ರಿಟನ್ನಿನ ವೇಲ್ಸ್ ನಾಡಿನ ಉತ್ತರಕ್ಕೆ, ಗ್ಲಾಸ್ಲಿನ್ ಮತ್ತು ಕೊಲ್ವಿನ್ ಹೊಳೆಗಳು ಕೂಡುವ ಕಡೆ ಬೆದ್‌ಗೆಲೆರ್ಟ್ ಎಂಬ ಹಳ್ಳಿಯಿದೆ. ವೇಲ್ಸ್ ಭಾಷೆಯಲ್ಲಿ ‘ಬೆದ್’ ಅಂದರೆ ಸಮಾಧಿ. ಗೆಲೆರ್ಟ್ ಯಾರು? ನಾಯಿ ಅನ್ನುತ್ತದೆ ಕಥೆ.

ದೊರೆ ಲ್ಲಿವೆಲಿನ್ ಬೇಟೆ ಮುಗಿಸಿ ಮನೆಗೆ ಬಂದ. ಅವನ ನಾಯಿ ಗೆಲೆರ್ಟ್ ಬಾಲ ಅಲ್ಲಾಡಿಸುತ್ತ ಎದುರು ಓಡಿಬಂತು; ಬಾಯೆಲ್ಲ ರಕ್ತ. ಒಳಗೆ ತೊಟ್ಟಿಲು ಮಗುಚಿಬಿದ್ದಿದೆ, ಕೂಸು ಕಾಣದು. ದೊರೆ ಹಿಂದುಮುಂದು ನೋಡದೆ ಕತ್ತಿ ಹಿರಿದು ನಾಯಿಯನ್ನು ಇರಿದ. ಅದರ ಕೂಗಿಗೆ ತೊಟ್ಟಿಲಡಿಯಿಂದ ಕೂಸು ಅತ್ತಿತು. ಪಕ್ಕದಲ್ಲೇ ಸತ್ತುಬಿದ್ದ ತೋಳ! ಆಮೇಲೆ ದೊರೆ ನಗಲೇ ಇಲ್ಲವಂತೆ.

ನಿಮಗೆ ಗೊತ್ತಿರುವ ಕಥೆಯೇ ಇದು. ತೋಳದ ಜಾಗಕ್ಕೆ ಹಾವು, ನಾಯಿಯ ಜಾಗಕ್ಕೆ ಮುಂಗುಸಿ, ದೊರೆಯ ಜಾಗಕ್ಕೆ ನೀರು ತರಲು ಹೋದ ತಾಯಿ ಬಂದರೆ ಪಂಚತಂತ್ರ. ನಾಡಿನಿಂದ ನಾಡಿಗೆ ಸುತ್ತಿದ ಕಥೆಯನ್ನು ಒಂದು ಹಳ್ಳಿಯ ಚರಿತ್ರೆ ಎಂದು ನಂಬುವುದು ಹೇಗೆ? ಅಲ್ಲಿರುವ ನಾಯಿಯ ಗೋರಿಯನ್ನು 18ನೇ ಶತಮಾನದ ಕೊನೆಗೆ, ಪ್ರವಾಸಿಗಳು ಬರಲಿ ಎಂದು ಕಟ್ಟಿಸಿದವನು ಗೋಟ್ ಹೋಟೆಲಿನ ಡೇವಿಡ್ ಪ್ರಿಚರ್ಡ್.

ಊರಿನ ಹೆಸರಿಗೆ ಅರ್ಥ ಬೇಕೆ? ದಯವಿಟ್ಟು ಕಥೆಯಿಂದ ಶುರುಮಾಡಬೇಡಿ, ಹಳೆಯ ಬರಹ ಹುಡುಕಿ. 1258ರ ದಾಖಲೆಯಲ್ಲಿ ಈ ಹೆಸರು ‘ಬೆಕೆಲೆರ್ಟ್’. 1269ರಲ್ಲಿ ‘ಬೆದ್‌ಕೆಲೆರ್ದ್’. ಎರಡರಲ್ಲೂ ‘ಗೆ’ ಇಲ್ಲ, ‘ಕೆ’ ಇದೆ. ಹಾಗಾಗಿ ಸಮಾಧಿ ಕೆಲೆರ್ಟ್ ಎಂಬ ಮನುಷ್ಯನದಿರಬೇಕು. ಹಳೆಯ ಕಾಲದ ಕ್ರೈಸ್ತ ಸಂತನಿರಬೇಕು. ಅಲ್ಲಿ ಕ್ರೈಸ್ತ ಮಠವೂ ಇತ್ತು.

‘ಕೆ’ ಹೋಗಿ ‘ಗೆ’ ಬಂದದ್ದು ಹೇಗೆ? ಹಳೆ, ಕನ್ನಡ ಸೇರಿ ಹಳೆಗನ್ನಡ ಆಗುವುದಿಲ್ಲವೇ, ಹಾಗೆ. ಶಾಲೆಯಲ್ಲಿ ಕಲಿತ ಆದೇಶ ಸಂಧಿ ನೆನಪಿಸಿಕೊಳ್ಳಿ: ಕ, ತ, ಪಗಳಿಗೆ ಗ, ದ, ಬ. ವೇಲ್ಸ್ ಭಾಷೆಯಲ್ಲೂ ಈ ಮೂರು ಹೀಗೇ ಬದಲಾಗುತ್ತವೆ. ‘ಲ್ಲಾನ್’ ಅಂದರೆ ಚರ್ಚು. ತೈಲೋ ಸಂತನ ಊರು ಲ್ಲಾನ್‌ದೈಲೋ, ಪೆದ್ರ್ ಸಂತನದು ಲ್ಲಾನ್‌ಬೆದ್ರ್. ‘ದೈಲೋ’ ಯಾರೆಂದು ಹುಡುಕಹೊರಟವರಿಗೆ ಯಾರೂ ಸಿಗುವುದಿಲ್ಲ. ಹಳೆಯ ಬರಹ ನೋಡಿ, ಸಂಧಿ ಬಿಡಿಸಿ, ಆಮೇಲೆ ನಿಘಂಟು ತೆಗೆಯಿರಿ.

ಹೆಸರಿನ ಅರ್ಥ ಊರಿನ ನೆಲಕ್ಕೆ ಹೊಂದುತ್ತದೆಯೇ ಎಂದೂ ನೋಡಬೇಕು. ಸಮಯವಾಗುತ್ತಿದೆ, ಅದನ್ನು ಚುಟುಕಾಗಿ ಹೇಳುತ್ತೇನೆ. ‘ಅಬೆರ್’ ಅಂದರೆ ಹೊಳೆಯ ಮುಖ, ಹೊಳೆ ಕಡಲು ಸೇರುವ ಕಡೆ. ವೇಲ್ಸಿನದೇ ಒಂದು ಪೇಟೆ ಅಬೆರಿಸ್ಟ್ವಿತ್, ಅಂದರೆ ಇಸ್ಟ್ವಿತ್ ಹೊಳೆಯ ಮುಖ. ಆದರೆ ಇಂದಿನ ಪೇಟೆಗೆ ಹತ್ತಿರದ ಹೊಳೆ ರೈಡಾಲ್! 1110ರ ಮೊದಲ ಕೋಟೆ ಇದ್ದದ್ದು ಇಸ್ಟ್ವಿತ್ ಬಳಿ. 1277ರಲ್ಲಿ ಉತ್ತರಕ್ಕೆ ಹೊಸ ಕೋಟೆ ಎದ್ದಿತು, ಕಾಲಕ್ರಮದಲ್ಲಿ ಹಳೆಯ ಹೆಸರೇ ಅದಕ್ಕೂ ನಿಂತಿತು.

ನಮಸ್ಕಾರ.