ಲಿಫ್ಟ್ ಪಕ್ಕದ ಗೋಡೆ

ನಮಸ್ಕಾರ. ಈಗ ಬೆಳಗ್ಗೆ ಆರು ಗಂಟೆ. ಇದು ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಲಾಬಿ. ಆ ಕಡೆ ಲಿಫ್ಟ್, ಈ ಕಡೆ ಕರೆಂಟ್ ಮೀಟರ್‌ಗಳು. ನಡುವೆ ಆರಡಿ ಅಗಲದ ಗೋಡೆ. ಮೊದಲು ಇಲ್ಲಿ ಟ್ಯಾಂಕರ್ ನೀರಿನ ಲೆಕ್ಕ, ಮೇಂಟೆನೆನ್ಸ್ ಕಟ್ಟದವರ ಪಟ್ಟಿ ಅಂಟಿಸಿರುತ್ತಿದ್ದರು. ಈಗ ನಾಲ್ಕು ಚಿತ್ರಗಳಿವೆ. ಇವತ್ತಿನ ವಿಡಿಯೋ ಈ ಗೋಡೆಯ ಬಗ್ಗೆ.

ಎಡಗಡೆಯ ಕಪ್ಪು ಬಿಳುಪಿನ ಚಿತ್ರ ನಮ್ಮ ಮನೆಯದು. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಮುಕ್ಕಾಲು ಪಾಲು ಬರೀ ಕಪ್ಪು. ಕೆಳಗೆ ಬಲಮೂಲೆಯಲ್ಲಿ ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಕಂಕುಳಲ್ಲಿ ಒಂದು ಗಂಟು. ಸೆರಗಿನ ಅಂಚಿಗೆ ಐದಾರು ಬಿಳಿ ಗೀರು, ಅಷ್ಟೇ. ಕಾಲ ಹತ್ತಿರ ಎರಡು ಪುಟ್ಟ ಬಿಳಿ ಗುರುತು. ಅದು ಉಳಿ ಜಾರಿ ಬಿದ್ದ ಗಾಯ ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ.

ಇದನ್ನು ತಂದಿದ್ದು ಚಿತ್ರಸಂತೆಯಿಂದ. ಬೆಂಗಳೂರಿನವರಿಗೆ ಗೊತ್ತೇ ಇರುತ್ತದೆ. ಹೊಸ ವರ್ಷದ ಶುರುವಿನಲ್ಲಿ ಒಂದು ಭಾನುವಾರ ಕುಮಾರಕೃಪ ರಸ್ತೆಯಲ್ಲಿ ವಾಹನ ನಿಲ್ಲಿಸಿಬಿಡುತ್ತಾರೆ. ಚಿತ್ರಕಲಾ ಪರಿಷತ್ತಿನ ಒಳಗೂ ಹೊರಗೂ, ಫುಟ್‌ಪಾತಿನ ಉದ್ದಕ್ಕೂ ಸಾವಿರಕ್ಕೂ ಜಾಸ್ತಿ ಕಲಾವಿದರು ಕೂರುತ್ತಾರೆ. ಎರಡು ದಶಕದಿಂದ ನಡೆದುಕೊಂಡು ಬಂದಿರುವ ಸಂತೆ ಇದು. ನೂರು ರೂಪಾಯಿಯ ಕಾರ್ಡಿನಿಂದ ಲಕ್ಷದ ಕ್ಯಾನ್ವಾಸ್‌ವರೆಗೆ ಎಲ್ಲವೂ ಒಂದೇ ಬಿಸಿಲಲ್ಲಿ. ನನಗೆ ಅದೇ ಇಷ್ಟ. ಗ್ಯಾಲರಿ ಬಾಗಿಲು ತಳ್ಳೋಕೆ ಹಿಂಜರಿಯುವವರೂ ಇಲ್ಲಿ ಕಡ್ಲೆಕಾಯಿ ತಿನ್ನುತ್ತಾ ಚಿತ್ರದ ಮುಂದೆ ನಿಲ್ಲುತ್ತಾರೆ.

ನಾನು ಆವತ್ತು ಕೊಳ್ಳಬೇಕು ಅಂತ ಹೋಗಿರಲಿಲ್ಲ. ಗಣೇಶ, ಬುದ್ಧ, ಓಡುವ ಕುದುರೆ ಎಲ್ಲ ದಾಟಿ ಬಂದೆ. ಒಂದು ಮರದ ಕೆಳಗೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಕಾಗದ ತೂಗುಹಾಕಿದ್ದರು. ಈ ಬೆನ್ನು ಕಂಡಿತು. ಮುಂದೆ ಹೋದೆ. ಕಾಫಿ ಕುಡಿದೆ. ಮತ್ತೆ ಬಂದೆ. ಮೂರನೇ ಸಲ ಬಂದಾಗ ಆ ಹುಡುಗಿಯೇ ಕರೆದಳು: "ಅಕ್ಕಾ, ಕೈಯಾಗ ಹಿಡ್ದು ನೋಡ್ರಿ."

ಕಲಬುರಗಿ ಕಡೆಯ ಹುಡುಗಿ. ಆಗಷ್ಟೇ ಕಲಾ ಕಾಲೇಜು ಮುಗಿಸಿದ್ದಳು. ಹಿಂದಿನ ರಾತ್ರಿ ಬಸ್ಸಲ್ಲಿ ಕೂತು ಬಂದು, ನೇರ ಇಲ್ಲಿಗೇ ಬಂದಿದ್ದಳು. ಚಿತ್ರದಲ್ಲಿರುವುದು ಯಾರು ಅಂತ ಕೇಳಿದೆ. "ನಮ್ಮವ್ವ ರೀ. ನಸುಕಿನ ಬಸ್ಸಿಗಿ ಕಾಯ್ಲಿಕತ್ತಾಳ" ಅಂದಳು.

ಇದು ಲಿನೋಕಟ್. ಲಿನೋಲಿಯಂ ಅನ್ನುವ ಮೆತ್ತನೆಯ ಹಾಳೆ ಬರುತ್ತದೆ, ಮೊದಲು ಅದನ್ನು ನೆಲಕ್ಕೆ ಹಾಸುತ್ತಿದ್ದರು. ಅದರ ಮೇಲೆ ಚಿಕ್ಕ ಉಳಿಯಿಂದ ಕೆತ್ತುತ್ತಾರೆ. ಆಮೇಲೆ ರೋಲರಿನಲ್ಲಿ ಇಂಕು ಹಚ್ಚಿ, ಕಾಗದ ಇಟ್ಟು ಒತ್ತುತ್ತಾರೆ. ಕೆತ್ತಿದ ಜಾಗ ಬಿಳಿ, ಬಿಟ್ಟ ಜಾಗ ಕಪ್ಪು. ಮಷೀನ್ ಇಲ್ಲದಿದ್ದರೆ ಚಮಚದ ಬೆನ್ನಿನಿಂದ ಉಜ್ಜಿದರೂ ಆಗುತ್ತದೆ. ಇವಳು ಹಾಗೇ ಮಾಡಿದ್ದಳಂತೆ. ಒಂದೊಂದು ಪ್ರತಿಗೂ ಅರ್ಧ ಗಂಟೆ ಉಜ್ಜಬೇಕು. ನೋಡಿ, ಇಲ್ಲಿ ಓರೆಯಾಗಿ ಬೆಳಕು ಬಿದ್ದಾಗ ಕಪ್ಪಿನಲ್ಲಿ ಉಜ್ಜಿದ ಜಾಡು ಕಾಣುತ್ತದೆ. ಕೈ ಎಲ್ಲಿ ಜೋರಾಗಿತ್ತು, ಎಲ್ಲಿ ಸೋತಿತ್ತು ಅಂತಲೂ ತಿಳಿಯುತ್ತದೆ.

ಅಂಚಿನ ಕೆಳಗೆ ಪೆನ್ಸಿಲ್ಲಿನಲ್ಲಿ 7/20 ಅಂತ ಇದೆಯಲ್ಲ, ಅಂದರೆ ಒಟ್ಟು ಇಪ್ಪತ್ತು ಪ್ರತಿ, ಅದರಲ್ಲಿ ಇದು ಏಳನೆಯದು. ಇಪ್ಪತ್ತು ಆದ ಮೇಲೆ ಆ ಅಚ್ಚಿನಿಂದ ಮತ್ತೆ ತೆಗೆಯುವುದಿಲ್ಲ ಅನ್ನುವುದು ಕಲಾವಿದರು ಕೊಡುವ ಮಾತು. ಹೊಸದಾಗಿ ಕೊಳ್ಳುವವರಿಗೆ ನಾನು ಮೊದಲು ಹೇಳುವುದೇ ಇದು: ಅಚ್ಚಿನ ಚಿತ್ರಗಳನ್ನು ನೋಡಿ. ಲಿನೋಕಟ್, ಮರದ ಹಲಗೆ ಕೆತ್ತಿ ತೆಗೆಯುವ ವುಡ್‌ಕಟ್, ಲೋಹದ ತಗಡಿನಿಂದ ತೆಗೆಯುವ ಎಚ್ಚಿಂಗ್. ಕಲಾವಿದರ ಕೈಯಿಂದಲೇ ಬಂದ ಕೆಲಸ, ಆದರೂ ಪ್ರತಿಗಳು ಹಲವು ಇರುವುದರಿಂದ ಬೆಲೆ ಕೈಗೆಟುಕುತ್ತದೆ. ಕಂಪ್ಯೂಟರ್ ಪ್ರಿಂಟನ್ನು ಇದೇ ಹೆಸರಲ್ಲಿ ಮಾರುವವರೂ ಇದ್ದಾರೆ. ಜೇಬಲ್ಲಿ ಒಂದು ಚಿಕ್ಕ ಭೂತಗನ್ನಡಿ ಇಟ್ಟುಕೊಳ್ಳಿ. ಕಂಪ್ಯೂಟರ್ ಪ್ರಿಂಟಾದರೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳು ಕಾಣುತ್ತವೆ. ತಾಮ್ರದ ತಗಡಿನಿಂದ ತೆಗೆದ ಎಚ್ಚಿಂಗ್ ಆದರೆ ಕಾಗದದಲ್ಲಿ ತಗಡಿನ ಅಂಚು ಒತ್ತಿಕೊಂಡಿರುತ್ತದೆ, ಬೆರಳಿಗೆ ಸಿಗುತ್ತದೆ.

ಮೂರು ಸಾವಿರ ಹೇಳಿದಳು. ನಾನು ಚೌಕಾಸಿ ಮಾಡಲಿಲ್ಲ. ಸಂತೆ ಅಂದಮೇಲೆ ಬೆಲೆ ಕೇಳುವುದು ಸಹಜ, ಅಲ್ವಾ? ಆದರೆ ಬಸ್ ಚಾರ್ಜು, ಕಾಗದ, ಇಂಕು, ಒಂದು ದಿನ ಪೂರ್ತಿ ಬಿಸಿಲು, ಇದೆಲ್ಲ ಆ ಮೂರು ಸಾವಿರದೊಳಗೇ ಇದೆ. ನಮ್ಮ ಹತ್ತಿರ ದುಡ್ಡು ಕಡಿಮೆ ಇದ್ದರೆ ಚಿಕ್ಕದು ತಗೊಳ್ಳೋಣ. ಅವರ ಕೆಲಸವನ್ನೇ ಅಗ್ಗ ಮಾಡುವುದು ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ.

ಬಿಲ್ ಬರೆಸಿಕೊಂಡೆ. ಹೆಸರು, ಚಿತ್ರದ ಹೆಸರು, ವರ್ಷ, ಯಾವ ಮಾಧ್ಯಮ, ಅಳತೆ, ಪ್ರತಿಯ ನಂಬರ್, ಬೆಲೆ, ಅವಳ ಸಹಿ. ನೀವೂ ಇಷ್ಟು ಮಾಡಿ. ಹತ್ತು ವರ್ಷದ ಮೇಲೆ ನಿಮ್ಮ ಮಕ್ಕಳು ಇದು ಯಾರದು ಅಂತ ಕೇಳಿದಾಗ ಹೇಳಲು ಏನಾದರೂ ಇರಬೇಕು.

ಮನೆಗೆ ತಂದ ದಿನ ಎಲ್ಲಿ ಹಾಕುವುದು ಅನ್ನುವುದೇ ದೊಡ್ಡ ಚರ್ಚೆ. ನಮ್ಮ ಮನೆಗಳ ಗೋಡೆ ನಿಮಗೆ ಗೊತ್ತು. ದೇವರ ಪಟ, ತೀರಿಹೋದ ಹಿರಿಯರ ಫೋಟೊ, ಬ್ಯಾಂಕಿನ ಕ್ಯಾಲೆಂಡರ್, ಗಡಿಯಾರ. ಬೆನ್ನು ಹಾಕಿ ನಿಂತ ಹೆಂಗಸಿನ ಚಿತ್ರ ಹಾಲಿನಲ್ಲಿ ಬೇಡ ಅಂತ ಇವರು ಹೇಳಿದರು. ಆಗ ನಮ್ಮ ಅತ್ತೆ ಎದ್ದು ಬಂದರು. ಅವರು ಸಾಗರದ ಕಡೆಯವರು, ದೀವರ ಮನೆತನ. ಅವರ ಊರಲ್ಲಿ ಮದುವೆ ಅಂದರೆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರೇ ಕುಂಚ. ಅತ್ತೆ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ನಾವು ಬಿಳೀದನ್ನ ಮೇಲೆ ಹಾಕ್ತೀವಿ. ಈ ಹುಡುಗಿ ಒಳಗಿಂದ ತೆಗೆದಿದ್ದಾಳೆ" ಅಂದರು. ಇಷ್ಟು ಚೆನ್ನಾಗಿ ಲಿನೋಕಟ್ ಬಗ್ಗೆ ಹೇಳಿದವರನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಚಿತ್ರ ಹಾಲಿನಲ್ಲೇ ಉಳಿಯಿತು.

ಮಾಡರ್ನ್ ಆರ್ಟ್ ಅರ್ಥ ಆಗಲ್ಲ ಅಂತ ಕಾಮೆಂಟಿನಲ್ಲಿ ತುಂಬಾ ಜನ ಬರೆಯುತ್ತೀರಿ. ಅರ್ಥಕ್ಕಿಂತ ಮೊದಲು ಕಣ್ಣಿಗೆ ರೂಢಿ ಆಗಬೇಕು. ಅದಕ್ಕೆ ದುಡ್ಡು ಬೇಡ, ಓಡಾಟ ಬೇಕು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, 2009ರಲ್ಲಿ ಶುರುವಾಯಿತು. ಸೋಮವಾರ ರಜೆ. ಚಿತ್ರ ನೋಡಿ ಸುಸ್ತಾದರೆ ದೊಡ್ಡ ಮರಗಳ ಕೆಳಗೆ ಕೂರಬಹುದು. ಕಸ್ತೂರ್ಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ. ಅದು ಚಿತ್ರಕಲಾವಿದ ಕೆ. ವೆಂಕಟಪ್ಪ ಅವರ ಹೆಸರಿನದು. ಆ ಗ್ಯಾಲರಿಯನ್ನು ಖಾಸಗಿಯವರಿಗೆ ವಹಿಸುವ ಯೋಜನೆ ಬಂದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದು ಬೇಡ ಅಂದರು. ಜನರ ಜಾಗ ಜನರ ಕೈಯಲ್ಲೇ ಇರಲಿ ಅನ್ನುವುದು ಅವರ ಮಾತು. ಆ ಸುದ್ದಿ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಈ ಲಾಬಿ ಗೋಡೆಗೂ ಅದಕ್ಕೂ ಸಂಬಂಧ ಇದೆ.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದವರು ರುಮಾಲೆ ಚನ್ನಬಸವಯ್ಯ. 1910ರಲ್ಲಿ ಹುಟ್ಟಿ 1988ರಲ್ಲಿ ತೀರಿಕೊಂಡವರು. ಚಿತ್ರಕಲಾವಿದರು, ಸ್ವಾತಂತ್ರ್ಯ ಹೋರಾಟಗಾರರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವರಷ್ಟು ಬರೆದವರು ಬೇರೆ ಯಾರಿದ್ದಾರೆ? ಗುಲ್‌ಮೊಹರ್, ಜಕರಾಂಡ, ಹಳದಿ ತಬೂಬಿಯಾ. ರಾಜಾಜಿನಗರದಲ್ಲಿ ರುಮಾಲೆ ಆರ್ಟ್ ಹೌಸ್ ಇದೆ. ಅವರ ಚಿತ್ರಗಳನ್ನು ಅಲ್ಲಿ ಜೋಪಾನ ಮಾಡಿದ್ದಾರೆ. ಹತ್ತಿರ ಹೋದರೆ ಬರೀ ದಪ್ಪ ಬಣ್ಣದ ಬಿಂದುಗಳು, ಗೀಟುಗಳು. ನಾಲ್ಕು ಹೆಜ್ಜೆ ಹಿಂದೆ ಬಂದರೆ ಮರ, ರಸ್ತೆ, ನೆರಳು. ಆವತ್ತು ಮನೆಗೆ ಬರುವಾಗ ನಮ್ಮ ರಸ್ತೆಯ ಗುಲ್‌ಮೊಹರ್ ಕೆಳಗೆ ಸುಮ್ನೆ ನಿಂತುಬಿಟ್ಟೆ. ಹತ್ತು ವರ್ಷದಿಂದ ಅದರ ಕೆಳಗೇ ಸ್ಕೂಟರ್ ನಿಲ್ಲಿಸುತ್ತಿದ್ದೆ. ಅದರ ನೆರಳಿನಲ್ಲೂ ಕೆಂಪು ಇದೆ ಅಂತ ಗೊತ್ತೇ ಇರಲಿಲ್ಲ.

ಈಗ ಒಂದು ಬೇಜಾರಿನ ವಿಷಯ. ನಮ್ಮ ಲಿನೋಕಟ್ಟಿನ ಕೆಳಗಿನ ಅಂಚು ನೋಡಿ. ಕಂದು ಚುಕ್ಕೆಗಳು ಕಾಣುತ್ತಿವೆಯಾ? ಇದು ಬೂಷ್ಟು. ಮೊದಲು ಫ್ರೇಮ್ ಹಾಕಿಸಿದ ಅಂಗಡಿಯಲ್ಲಿ ಚಿತ್ರವನ್ನು ಹಾರ್ಡ್‌ಬೋರ್ಡಿಗೆ ಗಮ್ ಹಚ್ಚಿ ಅಂಟಿಸಿಬಿಟ್ಟಿದ್ದರು. ಮೇಲೆ ಗಾಜು ಒತ್ತಿ ಕೂರಿಸಿದ್ದರು. ಮಳೆಗಾಲದಲ್ಲಿ ಗೋಡೆ ತೇವ ಆಯಿತು. ಗಾಜಿನ ಒಳಗೆ ಹಬೆ ಕಟ್ಟಿತು. ಆಗಸ್ಟಿನಲ್ಲಿ ಒಂದು ದಿನ ಧೂಳು ಒರೆಸುವಾಗ ಈ ಚುಕ್ಕೆ ಕಂಡು ನನಗೆ ಅಳುವೇ ಬಂತು. ಕಾಗದದ ಕೆಲಸ ಗೊತ್ತಿರುವವರೊಬ್ಬರು ನಿಧಾನವಾಗಿ ಬಿಡಿಸಿಕೊಟ್ಟರು. ಚುಕ್ಕೆ ಮಾತ್ರ ಉಳಿಯಿತು.

ಅವರಿಂದ ಕಲಿತದ್ದು ಹೇಳುತ್ತೇನೆ. ಕಾಗದದ ಚಿತ್ರವನ್ನು ಯಾವತ್ತೂ ಪೂರ್ತಿ ಅಂಟಿಸಬಾರದು. ಮೇಲಿನ ಎರಡು ಮೂಲೆಗೆ ಮಾತ್ರ ತೆಳು ಕಾಗದದ ಪಟ್ಟಿ, ಅದಕ್ಕೆ ಗೋಧಿ ಗಂಜಿಯ ಅಂಟು. ಬೇಕಾದಾಗ ನೀರು ತಾಗಿಸಿ ಬಿಡಿಸಬಹುದು. ಸುತ್ತ ಆಸಿಡ್ ಇಲ್ಲದ ಮೌಂಟ್ ಬೋರ್ಡ್, ಅಂದರೆ ದಪ್ಪ ರಟ್ಟಿನ ಅಂಚು, ಹಾಕಿಸಿ. ಆಗ ಗಾಜಿಗೂ ಚಿತ್ರಕ್ಕೂ ನಡುವೆ ಸ್ವಲ್ಪ ಸಂದು ಸಿಗುತ್ತದೆ. ಫ್ರೇಮಿನ ಹಿಂದೆ ಕೆಳಗಿನ ಮೂಲೆಗಳಿಗೆ ಎರಡು ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೆ ತಾಗದೆ ಗಾಳಿ ಆಡುತ್ತದೆ. ನೇರ ಬಿಸಿಲು ಬೀಳುವ ಕಡೆ, ಬಾತ್‌ರೂಮಿನ ಗೋಡೆಯ ಹಿಂಭಾಗ, ಮಳೆ ಹೊಡೆಯುವ ಗೋಡೆ, ಈ ಮೂರೂ ಬೇಡ. ಜಲವರ್ಣಕ್ಕಂತೂ ಬಿಸಿಲು ದೊಡ್ಡ ಶತ್ರು. ಕರಾವಳಿ, ಮಲೆನಾಡಿನವರು ಮಳೆಗಾಲ ಮುಗಿದ ಮೇಲೆ ಒಂದು ಸಲ ಇಳಿಸಿ ಹಿಂದೆ ಮುಂದೆ ನೋಡಿ.

ಲಾಬಿಗೆ ಬರೋಣ. ನಮ್ಮದು ಹದಿನಾರು ಮನೆಗಳ ಚಿಕ್ಕ ಬಿಲ್ಡಿಂಗ್. ಮನೆಗೆ ಬಂದವರು ಚಿತ್ರ ನೋಡಿ ಮಾತಾಡುವಾಗೆಲ್ಲ ನನಗೆ ಅನ್ನಿಸುತ್ತಿತ್ತು, ವರ್ಷಕ್ಕೆ ಎಷ್ಟು ಜನ ನಮ್ಮ ಹಾಲಿಗೆ ಬರುತ್ತಾರೆ? ಅದೇ ಕೆಳಗಿನ ಲಾಬಿಯಲ್ಲಿ ದಿನಕ್ಕೆ ಎಷ್ಟು ಜನ ಲಿಫ್ಟಿಗೆ ಕಾಯುತ್ತಾರೆ? ಅಸೋಸಿಯೇಷನ್ ಮೀಟಿಂಗಿನಲ್ಲಿ ಹೇಳಿದೆ. ಒಬ್ಬರು ಕಳ್ಳತನ ಆದರೆ ಏನು ಮಾಡೋದು ಅಂದರು. ಇನ್ನೊಬ್ಬರು ಮಕ್ಕಳು ಬಾಲ್ ಹೊಡೀತಾರೆ ಅಂದರು. ಎರಡೂ ನ್ಯಾಯದ ಮಾತೇ. ಗಾಜಿನ ಬದಲು ಆಕ್ರಿಲಿಕ್ ಹಾಳೆ ಹಾಕಿದೆವು. ಫ್ರೇಮನ್ನು ಗೋಡೆಗೆ ಸ್ಕ್ರೂ ಮಾಡಿದೆವು. ಎರಡು ತಿಂಗಳಿಗೊಮ್ಮೆ ಚಿತ್ರ ಬದಲು, ಇಷ್ಟ ಇದ್ದ ಮನೆಯವರು ತಮ್ಮದನ್ನು ತಂದು ಕೊಡುವುದು.

ಮೊದಲು ನಮ್ಮದೊಂದೇ ಇತ್ತು. ಆಮೇಲೆ ಎರಡನೇ ಮಹಡಿಯ ಅಂಕಲ್ ಒಂದು ಸಣ್ಣ ಜಲವರ್ಣ ತಂದರು. ಅವರ ಸ್ನೇಹಿತರು ಧಾರವಾಡದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಅವರು ಬರೆದದ್ದು. ನಲವತ್ತು ವರ್ಷ ಬೀರುವಿನಲ್ಲಿತ್ತಂತೆ. ಕೆರೆ ದಂಡೆ, ಎಮ್ಮೆ, ಮೋಡ. ಅದರ ಮುಂದೆ ನಿಂತು ಅಂಕಲ್ ತಮ್ಮ ಸ್ನೇಹಿತನ ಬಗ್ಗೆ ಹೇಳುತ್ತಾ ಹೇಳುತ್ತಾ ಎರಡು ಸಲ ಲಿಫ್ಟ್ ಬಿಟ್ಟರು.

ಈಗ ಮನೆಗೆ ತಿಂಗಳಿಗೆ ನೂರು ರೂಪಾಯಿ ಎತ್ತುತ್ತೇವೆ. ವರ್ಷಕ್ಕೆ 19,200 ಆಗುತ್ತದೆ. ಅದರಲ್ಲಿ ಸಂತೆಯಿಂದ ಬಿಲ್ಡಿಂಗಿಗೆ ಅಂತಲೇ ಒಂದು ಕೆಲಸ ತರುತ್ತೇವೆ. ಮೂರು ಮನೆಯವರು ಹೋಗಬೇಕು, ಮೂವರೂ ಒಪ್ಪಬೇಕು. ಅಗೋ, ಬಲತುದಿಯ ನೀಲಿ ಚಿತ್ರ ಹಾಗೆ ಬಂದದ್ದು. ಅದರಲ್ಲಿ ಆಕಾರ ಏನೂ ಇಲ್ಲ, ಬರೀ ನೀಲಿ ಪದರಗಳು. ಒಂದನೇ ಮಹಡಿಯ ಪುಟ್ಟಿ ಅದಕ್ಕೆ ಸಂಪ್ ಅಂತ ಹೆಸರಿಟ್ಟಿದ್ದಾಳೆ. ಸಂಪಿನ ಮುಚ್ಚಳ ತೆಗೆದಾಗ ಒಳಗೆ ಹಾಗೇ ಕಾಣುತ್ತದೆ ಅಂತೆ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಎಲ್ಲದರ ವಿವರ ಬರೆದು ಬಿಲ್ ಅಂಟಿಸಿದ್ದೇವೆ.

ಸೆಕ್ರೆಟರಿಯವರು ಈ ನೀಲಿ ಚಿತ್ರವನ್ನು ಯುಗಾದಿ ಕಾರ್ಡಿಗೆ ಅಚ್ಚು ಹಾಕಿಸೋಣ ಅಂದಿದ್ದರು. ದುಡ್ಡು ಕೊಟ್ಟು ತಂದದ್ದು ತಾನೇ ಅಂತ. ಇಲ್ಲ. ನಾವು ಕೊಂಡದ್ದು ಆ ಕ್ಯಾನ್ವಾಸ್ ಅಷ್ಟೇ. ಬೇರೆ ಏನೂ ಬರೆದುಕೊಟ್ಟಿಲ್ಲ ಅಂದರೆ ಕಾಪಿರೈಟ್ ಕಲಾವಿದರ ಹತ್ತಿರವೇ ಇರುತ್ತದೆ. ಫೋನ್ ಮಾಡಿ ಕೇಳಿದೆವು. ಖುಷಿಯಿಂದ ಒಪ್ಪಿದರು, ಹೆಸರು ಹಾಕಿ ಅಂದರು. ಹಾಕಿದೆವು.

ಹೋದ ವಾರದ್ದು ಒಂದು ಹೇಳಲೇಬೇಕು. ನಮ್ಮಲ್ಲಿ ಹಾಲು ಹಾಕುವ ಅಣ್ಣ ಬೆಳಗ್ಗೆ ಐದೂವರೆಗೆ ಬರುತ್ತಾರೆ. ನಾನು ವಾಕಿಂಗಿಗೆ ಇಳಿದಾಗ ಕ್ರೇಟ್ ಕೆಳಗಿಟ್ಟು ನಮ್ಮ ಕಪ್ಪು ಬಿಳುಪಿನ ಚಿತ್ರದ ಮುಂದೆ ಬಗ್ಗಿ ನಿಂತಿದ್ದರು. "ಮೇಡಂ, ಈಯಮ್ಮ ಚಪ್ಪಲಿ ಬಿಟ್ಟು ನಿಂತಿದ್ದಾರೆ" ಅಂದರು. ನನಗೆ ಗೊತ್ತಾಗಲಿಲ್ಲ. ಬೆರಳಿಟ್ಟು ತೋರಿಸಿದರು. ಕಾಲ ಹತ್ತಿರದ ಆ ಎರಡು ಬಿಳಿ ಗುರುತು. ಉಳಿ ಜಾರಿದ್ದಲ್ಲ. ಒಂದು ಜೊತೆ ಚಪ್ಪಲಿ. ನೀಟಾಗಿ, ಒಂದರ ಪಕ್ಕ ಒಂದು. ಮೂರು ವರ್ಷ ದಿನಾ ನೋಡಿದ ಚಿತ್ರ ಇದು.

ಆವತ್ತೇ ಕಲಬುರಗಿಗೆ ಫೋನ್ ಮಾಡಿದೆ. ಅವಳಿಗೆ ನಗು, ಸಂತೋಷ ಎರಡೂ. "ಹೂಂ ರೀ ಅಕ್ಕಾ, ಹೊಸಾ ಚಪ್ಪಲ್ ಅವು. ಮಣ್ಣಾಗ ನಿಂತ್ರ ಹೊಲಸಾಗ್ತಾವಂತ ಬಿಚ್ಚಿಟ್ಟಾಳ. ಬಸ್ಸು ಬಂದ್ಮ್ಯಾಲೆ ಹಾಕ್ಕೋತಾಳ."

ಗೇಟಿನ ಸದ್ದಾಯಿತು. ಅಣ್ಣ ಇವತ್ತು ಸ್ವಲ್ಪ ಲೇಟು. ಅವರಿಗೆ ಇನ್ನೂ ಹೇಳಿಲ್ಲ. ಕ್ಯಾಮೆರಾ ಆಫ್ ಮಾಡಿ ಹೋಗಿ ಹೇಳಿ ಬರುತ್ತೇನೆ.