ನೆರಳು ನೋಡಲು ದುಡ್ಡು ಬೇಡ

ಎಲ್ಲರಿಗೂ ನಮಸ್ಕಾರ. ಮಕ್ಕಳೇ, ಮುಂದೆ ಬಂದು ಕೂತ್ಕೊಳ್ಳಿ, ಜಾಗ ಇದೆ.

ಬೇಸಿಗೆ ರಜೆ ಶುರುವಾಗುತ್ತಿದೆ. ಶಿಬಿರಗಳ ಕರಪತ್ರ ಎಲ್ಲರ ಮನೆಗೂ ಬಂದಿರುತ್ತದೆ. ಫೀಸು ನೋಡಿ ಸುಮ್ಮನಾದವರೂ ಇಲ್ಲಿದ್ದೀರಿ. ನಾನು ಹೇಳುವುದು ಒಂದೇ ಮಾತು. ವಿಜ್ಞಾನ ಮಾಡಲು ಆ ಫೀಸು ಬೇಕಿಲ್ಲ. ವಸ್ತುವನ್ನು ಮಗುವಿನ ಕೈಗೆ ಕೊಡಿ. ಕೊಟ್ಟ ಮೇಲೆ ಸ್ವಲ್ಪ ಹೊತ್ತು ಮಾತಾಡದೆ ಇರಿ.

ಏಪ್ರಿಲ್ 24 ಬೆಂಗಳೂರಿಗೆ ಶೂನ್ಯ ನೆರಳಿನ ದಿನ. ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕಾಣುವುದೇ ಇಲ್ಲ. ಆಗಸ್ಟ್ 18ರ ಸುಮಾರಿಗೆ ಇನ್ನೊಂದು ಸಲ ಬರುತ್ತದೆ, ಆದರೆ ಆಗ ಮೋಡದ ಕಾಟ ಜಾಸ್ತಿ. ದೆಹಲಿಯವರಿಗೆ ಈ ಭಾಗ್ಯವೇ ಇಲ್ಲ. ಅವರ ಊರು ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಇದೆ, ಅಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದೇ ಇಲ್ಲ. ನಮ್ಮಲ್ಲಿ ಚಾಮರಾಜನಗರದಿಂದ ಬೀದರ್‌ವರೆಗೆ ಎಲ್ಲ ಊರಿಗೂ ವರ್ಷಕ್ಕೆ ಎರಡು ಸಲ ಉಂಟು. ಸೂರ್ಯ ಬೀದರ್‌ನ ನೆತ್ತಿಗೆ ಬರುವಾಗ ಮೇ ಎರಡನೇ ವಾರ. ಆಗಲೂ ಶಾಲೆಗೆ ರಜೆ. ಅದಕ್ಕೇ ಇದು ಅಪ್ಪ, ಅಮ್ಮ, ಅಜ್ಜಿ ಎಲ್ಲ ಸೇರಿ ಮಾಡುವ ಕೆಲಸ.

ಹೋದ ವರ್ಷ ಇದೇ ಅಂಗಳದಲ್ಲಿ ನಡೆದದ್ದನ್ನು ಹೇಳಲೇಬೇಕು. ಕೆಲವರು ಆಗಲೇ ಕೇಳಿದ್ದೀರಿ, ಆದರೂ ಕೇಳಿ. ನೆಟ್ಟಗೆ ನಿಲ್ಲುವ ಏನಾದರೂ ಮನೆಯಿಂದ ತನ್ನಿ ಅಂದಿದ್ದೆವು. ಪಿವಿಸಿ ಪೈಪಿನ ತುಂಡು ಬಂತು, ಬಿಸ್ಕತ್ ಡಬ್ಬಿ ಬಂತು, ಒಬ್ಬರು ಲಟ್ಟಣಿಗೆಯನ್ನೇ ತಂದರು! ಒಬ್ಬ ಹುಡುಗಿ ಸ್ಟೀಲ್ ಲೋಟ ತಂದಿದ್ದಳು. 12 ಗಂಟೆ ದಾಟಿತು. ಪೈಪಿನ ನೆರಳು ಗಿಡ್ಡವಾಗುತ್ತಾ ಬುಡ ಸೇರಿತು. ಡಬ್ಬಿಯದೂ ಹೋಯಿತು. ಎಲ್ಲರೂ ಚಪ್ಪಾಳೆ. ಲೋಟದ ನೆರಳು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಲೋಟ ಬಿಡು, ಪೈಪ್ ನೋಡು ಬಾ" ಅಂತ ಅವಳ ತಾಯಿ ಕರೆದರು. ಅವಳು ಏಳಲಿಲ್ಲ. ಲೋಟದ ಬಾಯಿ ಅಗಲ, ತಳ ಚಿಕ್ಕದು ಅಲ್ವಾ? ಬಾಯಂಚಿನ ನೆರಳು ತಳದ ಸುತ್ತ ಬಳೆಯ ಹಾಗೆ ಬಿದ್ದಿತ್ತು. ಮೊದಲು ಆ ಬಳೆ ಪಶ್ಚಿಮದ ಕಡೆ ದಪ್ಪ, ಪೂರ್ವದ ಕಡೆ ತೆಳು. ನೋಡುತ್ತಾ ನೋಡುತ್ತಾ ಸುತ್ತಲೂ ಒಂದೇ ಸಮ ಆಯಿತು. "ಸರ್, ಸೂರ್ಯ ಈಗ ಸರಿಯಾಗಿ ಮೇಲಿದಾನೆ" ಅಂದಳು. ನೆರಳು ಪೂರ್ತಿ ಹೋಯಿತೋ ಇಲ್ಲವೋ ಅಂತ ಪೈಪ್ ನೋಡಿ ಹೇಳುವುದು ಕಷ್ಟ. ಬಳೆ ಸಮ ಇದೆಯಾ ಅನ್ನುವುದು ಕಣ್ಣಿಗೆ ತಟ್ಟನೆ ಗೊತ್ತಾಗುತ್ತದೆ. ಅವಳ ಲೋಟವೇ ಅವತ್ತಿನ ಒಳ್ಳೆಯ ಉಪಕರಣ. ತಾಯಿ ಎಳೆದುಕೊಂಡು ಹೋಗಿದ್ದರೆ ನಮಗ್ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಅಂದೆ, ಕೈಗೆ ಕೊಡಿ, ಮಾತಾಡದೆ ಇರಿ.

ಇನ್ನೊಂದು. ಮಂಗಳೂರಿನಲ್ಲಿ ನೆಂಟರಿದ್ದರೆ ಅವತ್ತೇ ಫೋನ್ ಮಾಡಿ. ಅಲ್ಲೂ ಅದೇ ದಿನ ನೆರಳು ಹೋಗುತ್ತದೆ, ಆದರೆ ಸುಮಾರು 11 ನಿಮಿಷ ತಡವಾಗಿ. ಗಡಿಯಾರ ಎರಡೂ ಊರಿಗೆ ಒಂದೇ. ಹಾಗಾದರೆ ಯಾಕೆ ತಡ? ದಯವಿಟ್ಟು ನೀವು ಹೇಳಬೇಡಿ! ಮಕ್ಕಳು ಗ್ಲೋಬ್ ತಿರುಗಿಸಿ ಕಂಡುಕೊಳ್ಳಲಿ. ಸುಮಾರು 2,200 ವರ್ಷದ ಹಿಂದೆ ಎರಟೋಸ್ತನೀಸ್ ಅನ್ನುವ ಗ್ರೀಕ್ ವಿದ್ವಾಂಸ ಈಜಿಪ್ಟಿನ ಎರಡು ಊರಿನ ನೆರಳು ಹೋಲಿಸಿಯೇ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಎರಡು ಊರಿನ ಸೂರ್ಯನ ಕೋನದಲ್ಲಿ ಅವನಿಗೆ ಸಿಕ್ಕ ವ್ಯತ್ಯಾಸ ಬರೀ 7.2 ಡಿಗ್ರಿ. ಅಂದರೆ ಪೂರ್ತಿ ಸುತ್ತಿನ ಐವತ್ತನೇ ಒಂದು ಪಾಲು.

ಚೀಟಿ ಬಂತು, ಹೊತ್ತಾಯಿತಂತೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಆಟಿಕೆಗಳಿಂದ ವಿಜ್ಞಾನ ಕಲಿಸುವ ಅರವಿಂದ ಗುಪ್ತ ಅವರ ಬೆಂಕಿಕಡ್ಡಿ ಆಟಿಕೆ ಮಾಡಿ ನೋಡಿ. ಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡಿನಿಂದ ಸೇರಿಸಿದರೆ ಆಯಿತು. ಚೌಕ ಅಲುಗಾಡುತ್ತದೆ, ತ್ರಿಕೋನ ಅಲುಗಾಡುವುದಿಲ್ಲ. ಅವರ ವೆಬ್‌ಸೈಟಿನಲ್ಲಿ ಎಲ್ಲ ಉಚಿತ. ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಎಲ್ಲರನ್ನೂ ಒಳಗೆ ಬಿಡುವ ಓಪನ್ ಡೇಗೂ ಟಿಕೆಟ್ ದುಡ್ಡಿಲ್ಲ, ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಪ್ರಶ್ನೆ ಕೇಳುವುದು ಮಗುವೇ ಆಗಿರಲಿ. ಎಲೆಯ ಬಣ್ಣ ಬೇರ್ಪಡಿಸುವುದನ್ನು ಇನ್ನೊಂದು ದಿನ ಮಾಡೋಣ.

24ಕ್ಕೆ ಬೆಳಿಗ್ಗೆ 11:30ಕ್ಕೇ ಬನ್ನಿ. ಟೋಪಿ, ಕುಡಿಯುವ ನೀರು ತನ್ನಿ. ಸೂರ್ಯನನ್ನು ನೇರವಾಗಿ ಯಾರೂ ನೋಡಬಾರದು, ನೆರಳನ್ನಷ್ಟೇ ನೋಡೋದು. ಲೋಟ ಮಕ್ಕಳೇ ಆರಿಸಿಕೊಂಡು ತರಲಿ.