ಕಾಗದದ ದುಡ್ಡಲ್ಲಿ ಎದ್ದ ಮಹಲು: ಪ್ಯಾರಿಸ್‌ನ ಓತೆಲ್ ಬಿರೋನ್

ಈ ಮಹಲು ಈಗ ಶಿಲ್ಪಿ ರೋಡಾನ್‌ನ ಮ್ಯೂಸಿಯಂ. ಇಲ್ಲಿಗೆ ಬರುವವರೆಲ್ಲ ಅವನಿಗಾಗಿಯೇ ಬರುತ್ತಾರೆ. ಗೇಟು ದಾಟಿದ್ದೇ ತಡ, ಅವನು ಮಾಡಿದ ‘ಚಿಂತಕ’ನ ಪ್ರತಿಮೆ ಎಲ್ಲಿ ಅಂತ ಹುಡುಕುತ್ತಾರೆ. ಇವತ್ತು ಚಿಂತಕನನ್ನು ಅವನ ಪಾಡಿಗೆ ಯೋಚನೆ ಮಾಡೋಕೆ ಬಿಟ್ಟು, ನಾವು ಮನೆ ನೋಡೋಣ.

ವರೆನ್ ಬೀದಿ, ನಂಬರ್ 77. ಕಟ್ಟಿಸಿದವನು ಅಬ್ರಹಾಂ ಪೆರಾಂಕ್ ದ ಮೊರಾಸ್. ವಿಗ್ ಕಸುಬಿನ ಹಿನ್ನೆಲೆಯವನು. ಆಗ ಜಾನ್ ಲಾ ಎಂಬ ಸ್ಕಾಟ್ಲೆಂಡಿನವನು ಕಾಗದದ ಹಣ, ಷೇರು ಅಂತ ಇಡೀ ಫ್ರಾನ್ಸಿಗೆ ಹುಚ್ಚು ಹಿಡಿಸಿದ್ದ. 1720ರಲ್ಲಿ ಅದೆಲ್ಲ ಕುಸಿದು ಎಷ್ಟೋ ಜನ ಬೀದಿಗೆ ಬಿದ್ದರು. ಮೊರಾಸ್ ಮಾತ್ರ ಕೈತುಂಬ ದುಡ್ಡು ಮಾಡಿಕೊಂಡ. ಷೇರಿನಲ್ಲಿ ಬಂದದ್ದನ್ನು ಸೈಟು, ಮನೆಗೆ ಹಾಕುವ ಬುದ್ಧಿ ಅವತ್ತೂ ಇತ್ತು ನೋಡಿ.

ವಿನ್ಯಾಸ ಜಾನ್ ಓಬೇರ್‌ದು. ಪ್ಯಾರಿಸ್ ಹತ್ತಿರದ ಶಾಂತಿಯಿ ಊರಿನ ಪ್ರಸಿದ್ಧ ಕುದುರೆ ಲಾಯ ಕಟ್ಟಿದವನೂ ಇವನೇ. ಮನೆ ಮುಗಿಯುವ ಹೊತ್ತಿಗೆ, 1732ರಲ್ಲಿ, ಮೊರಾಸ್ ತೀರಿಕೊಂಡ. ಅನುಭವಿಸುವ ಯೋಗ ಇರಲಿಲ್ಲ.

ಬೀದಿಗೂ ಮನೆಗೂ ನಡುವೆ ಅಗಲವಾದ ಅಂಗಳ, ಹಿಂದೆ ತೋಟ. ಆ ಕಾಲದ ಪ್ಯಾರಿಸ್ ಶ್ರೀಮಂತರ ಮನೆಗಳೆಲ್ಲ ಹೆಚ್ಚುಕಡಿಮೆ ಹೀಗೇ. ಆದರೆ ಎಷ್ಟೋ ಮಹಲುಗಳು ಪಕ್ಕದ ಗೋಡೆಗೆ ಅಂಟಿಕೊಂಡಿರುತ್ತವೆ. ಇದು ಬಿಡಿಯಾಗಿ ನಿಂತಿದೆ, ನಾಲ್ಕೂ ಕಡೆ ಕಿಟಕಿ. ಒಳಗೆ ಬನ್ನಿ, ಬೆಳಕು ನೋಡಿ! ಒಂದು ಕೋಣೆಯ ಬಾಗಿಲಲ್ಲಿ ನಿಂತರೆ ಮುಂದಿನ ಬಾಗಿಲುಗಳೆಲ್ಲ ಒಂದೇ ಗೆರೆಯಲ್ಲಿ ಕಾಣುತ್ತವೆ. ನನಗೆ ಜಾಸ್ತಿ ಇಷ್ಟವಾದದ್ದು ತೋಟದ ಕಡೆಯ ಮೊಟ್ಟೆಯಾಕಾರದ ಕೋಣೆ. ಗೋಡೆಗೆ ಕೆತ್ತನೆಯ ಮರದ ಹಲಗೆ. ಮೂಲೆಯೇ ಇಲ್ಲ, ಬಳುಕಿದ ಗೋಡೆಯ ಜೊತೆ ಹಲಗೆಯೂ ಬಳುಕಿದೆ. ಬಡಗಿಗೆ ಎಷ್ಟು ಕಷ್ಟವಾಗಿರಬೇಡ!

ಈ ಹಲಗೆಗಳದ್ದೇ ಒಂದು ಕಥೆ. 1753ರಲ್ಲಿ ಮನೆ ಸೇನಾಧಿಕಾರಿ ಮಾರ್ಷಲ್ ಬಿರೋನ್ ಕೈಗೆ ಬಂತು, ಹೆಸರೂ ಅವನದೇ ಉಳಿಯಿತು. ತೋಟದ ಹುಚ್ಚಿನವನು ಅವನು. ಫ್ರೆಂಚ್ ಕ್ರಾಂತಿ ಬಂತು, ಹೋಯಿತು. 1820ರಲ್ಲಿ ಕ್ರೈಸ್ತ ಸನ್ಯಾಸಿನಿಯರು ಇಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅವರಿಗೆ ಇದೆಲ್ಲ ಆಡಂಬರ. ಹಲಗೆ, ಕನ್ನಡಿ ಎಲ್ಲ ಕಿತ್ತು ಹಾಕಿದರು. ಕೆಲವನ್ನು ಮ್ಯೂಸಿಯಂನವರು ಆಮೇಲೆ ಹುಡುಕಿ ತಂದು ಕೂರಿಸಿದ್ದಾರೆ.

ಸನ್ಯಾಸಿನಿಯರನ್ನು ಸುಮ್ನೆ ಬೈಯೋದು ಬೇಡ. 1900ರ ನಂತರ ಶಾಲೆ ಮುಚ್ಚಿ, ಪಾಳುಬಿದ್ದ ಮನೆ ಅಗ್ಗದ ಬಾಡಿಗೆಗೆ ಸಿಕ್ಕಿತು. ಚಿನ್ನದ ಲೇಪದ ಗೋಡೆ ಹಾಗೇ ಇದ್ದಿದ್ದರೆ ಆ ಬಾಡಿಗೆಗೆ ಯಾರು ಕೊಡ್ತಿದ್ದರು? ಹಾಗಾಗಿಯೇ ಚಿತ್ರಕಾರ ಮಾತೀಸ್, ಲೇಖಕ ಕೊಕ್ತೊ, ಕವಿ ರಿಲ್ಕೆ ಇಲ್ಲಿಗೆ ಬಂದರು. ರಿಲ್ಕೆ ಮೂಲಕ 1908ರಲ್ಲಿ ರೋಡಾನ್ ಬಂದ. 1911ರಲ್ಲಿ ಸರ್ಕಾರ ಮನೆ ಕೊಂಡಿತು. ‘ನನ್ನ ಕೃತಿಗಳನ್ನೆಲ್ಲ ಕೊಡುತ್ತೇನೆ, ಇದನ್ನು ಮ್ಯೂಸಿಯಂ ಮಾಡಿ’ ಅಂತ ರೋಡಾನ್ ಪಟ್ಟು ಹಿಡಿದ. 1916ರಲ್ಲಿ ಒಪ್ಪಂದವಾಯಿತು, ಮರುವರ್ಷ ಆತ ತೀರಿಕೊಂಡ. 1919ರಲ್ಲಿ ಬಾಗಿಲು ತೆರೆಯಿತು. ಇವನೂ ನೋಡಲಿಲ್ಲ, ಅಲ್ವಾ?

ಒಂದು ಸಂಸಾರಕ್ಕೆಂದು ಹಾಕಿದ ಮರದ ನೆಲದ ಮೇಲೆ ಈಗ ದಿನವಿಡೀ ಜನ. 2012ರಿಂದ 2015ರವರೆಗೆ ದೊಡ್ಡ ರಿಪೇರಿ ನಡೆದದ್ದಕ್ಕೆ ಅದೂ ಒಂದು ಕಾರಣ. ಬನ್ನಿ, ಮೇಲಿನ ಮಹಡಿಗೆ ಹೋಗೋಣ. ಅಲ್ಲಿಂದ ತೋಟ ಪೂರ್ತಿ ಕಾಣುತ್ತೆ.